ಪರಿಸರ ಪಾಠದೊಳಗೆ ಕಲೆ: ಹೊಸ ಪಠ್ಯಕ್ರಮ ಕೇಳುವುದೇನು, ಶಾಲೆಯಲ್ಲಿ ಆಗುತ್ತಿರುವುದೇನು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು ಅದರ ಆಧಾರದ ಮೇಲೆ ರೂಪುಗೊಂಡ 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೆ ಅನುಗುಣವಾಗಿ ಎನ್‌ಸಿಇಆರ್‌ಟಿ 2024ರಿಂದ ಹೊಸ ಪಠ್ಯಪುಸ್ತಕಗಳನ್ನು ತರಗತಿವಾರು ಹೊರತರುತ್ತಿದೆ. ಮೊದಲಿಗೆ 3 ಮತ್ತು 6ನೇ ತರಗತಿಗಳ ಪುಸ್ತಕಗಳು ಬಂದಾಗ ಪೋಷಕರ ಗಮನ ಸೆಳೆದ ಬದಲಾವಣೆಗಳು ಎರಡು. ಹಿಂದಿನ ಪರಿಸರ ಅಧ್ಯಯನವು ‘ನಮ್ಮ ಸುತ್ತಲಿನ ಜಗತ್ತು’ ಎಂಬ ಹೊಸ ವಿಷಯವಾಗಿತ್ತು. ಕಲಾ ಶಿಕ್ಷಣಕ್ಕೆಂದೇ 3ನೇ ತರಗತಿಗೆ ‘ಬಾಂಸುರಿ’, 6ನೇ ತರಗತಿಗೆ ‘ಕೃತಿ’ ಎಂಬ ಪುಸ್ತಕಗಳು ಬಂದಿದ್ದವು. ಇದೇ ಹೊತ್ತಿಗೆ, ಪ್ರತಿ ವಿಷಯವನ್ನೂ ಕಲೆಯೊಂದಿಗೆ ಬೆಸೆದು ಕಲಿಸಬೇಕು, ಮಕ್ಕಳಿಂದ ಕಲಾ ಸಂಯೋಜಿತ ಯೋಜನೆಗಳನ್ನು ಮಾಡಿಸಬೇಕು ಎಂಬ ಸಿಬಿಎಸ್‌ಇ ಸೂಚನೆಯೂ ಜಾರಿಯಲ್ಲಿದೆ.

ಗೊಂದಲ ಹುಟ್ಟುವುದು ಇಲ್ಲಿಯೇ. ಕಲೆ ಸ್ವತಂತ್ರ ವಿಷಯವಾದರೆ ಅದನ್ನು ಪರಿಸರ ಪಾಠದೊಳಗೆ ಸೇರಿಸುವುದೇಕೆ? ಪರಿಸರ ಪಾಠದೊಳಗೆ ಸೇರಿದ ಮೇಲೆ ಅದಕ್ಕೆ ಬೇರೆ ಪೀರಿಯಡ್ ಉಳಿಯುತ್ತದೆಯೇ? ಕೆರೆಯ ಪಾಠಕ್ಕೆ ಮಗು ಬಿಡಿಸಿ ತಂದ ಚಿತ್ರಕ್ಕೆ ಅಂಕ ಕೊಡುವಾಗ ನೋಡಬೇಕಾದದ್ದು ಕೆರೆಯ ತಿಳಿವಳಿಕೆಯನ್ನೋ, ಬಣ್ಣದ ಹದವನ್ನೋ? ರಾಜ್ಯ ಪಠ್ಯಕ್ರಮದ ಶಾಲೆಗಳ ಪೋಷಕರಿಗೆ ಇನ್ನೊಂದು ತೊಡಕಿದೆ. ಕಲೆ ಮತ್ತು ಪರಿಸರದ ಈ ಹೊಸ ಪುಸ್ತಕಗಳು ಅವರ ಮಕ್ಕಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಕರ್ನಾಟಕವು ತನ್ನದೇ ಶಿಕ್ಷಣ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ಆದರೆ ಆ ವರದಿಯ ಸುತ್ತ ನಡೆದ ಚರ್ಚೆಯ ಬಹುಪಾಲು ಭಾಷೆಯ ಪ್ರಶ್ನೆಗೇ ಮೀಸಲಾಯಿತು. ಕಲೆ ಮತ್ತು ಪರಿಸರದ ಮಾತು ಹಿಂದೆ ಸರಿಯಿತು.

ಕಲೆ ಮತ್ತು ಪರಿಸರದ ಈ ಜೋಡಣೆ ಒಳ್ಳೆಯದೇ. ಆದರೆ ಅದು ಯಾವ ಬಗೆಯ ಜೋಡಣೆ ಎಂಬುದನ್ನು ತೀರ್ಮಾನಿಸದೆ ಜಾರಿಗೆ ತಂದರೆ ಕಲೆಗೂ ಪರಿಸರ ಶಿಕ್ಷಣಕ್ಕೂ ನಷ್ಟವಾಗುತ್ತದೆ. ಹಾಗೇಕೆ ಎಂಬುದು ತಿಳಿಯಬೇಕಾದರೆ ಎರಡೂ ವಿಷಯಗಳು ಶಾಲೆಯೊಳಗೆ ಬಂದ ಬಗೆಯನ್ನು ಮೊದಲು ನೋಡಬೇಕು.

ಒಂದು ಕೋರ್ಟಿನ ಬಾಗಿಲಿನಿಂದ ಬಂತು, ಇನ್ನೊಂದು ಆಶ್ರಮದ ಅಂಗಳದಿಂದ

ಪ್ರಾಥಮಿಕ ಹಂತದಲ್ಲಿ ವಿಜ್ಞಾನ ಮತ್ತು ಸಮಾಜವನ್ನು ಒಟ್ಟಾಗಿ ಪರಿಸರ ಅಧ್ಯಯನವೆಂದು ಕಲಿಸಬೇಕೆಂಬ ಸಲಹೆ ಎನ್‌ಸಿಇಆರ್‌ಟಿಯ 1975ರ ಪಠ್ಯಕ್ರಮ ಚೌಕಟ್ಟಿನಲ್ಲೇ ಇತ್ತು. ಆದರೆ ಪರಿಸರ ಶಿಕ್ಷಣಕ್ಕೆ ಕಡ್ಡಾಯದ ಬಲ ಬಂದದ್ದು ನ್ಯಾಯಾಲಯದಿಂದ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿ ಎಲ್ಲ ಹಂತಗಳಲ್ಲೂ ಪರಿಸರವನ್ನು ಕಡ್ಡಾಯವಾಗಿ ಕಲಿಸುವಂತೆ ನಿರ್ದೇಶಿಸಿತು. ಅದು ಸರಿಯಾಗಿ ಪಾಲನೆಯಾಗದ್ದರಿಂದ 2003ರಲ್ಲಿ ಎನ್‌ಸಿಇಆರ್‌ಟಿಗೆ ಪಠ್ಯಕ್ರಮ ಸಿದ್ಧಪಡಿಸುವ ಹೊಣೆ ವಹಿಸಿತು. ಆದೇಶ ಪಾಲನೆಯಾಗಿದೆ ಎಂದು ತೋರಿಸಲು ಶಾಲೆಗಳ ಬಳಿ ಇದ್ದ ಸುಲಭದ ಪುರಾವೆ ಎಂದರೆ ಪಠ್ಯಪುಸ್ತಕದ ಅಧ್ಯಾಯ ಮತ್ತು ಪರೀಕ್ಷೆಯ ಪ್ರಶ್ನೆ. ಹಾಗಾಗಿ ಪರಿಸರವು ಮೊದಲಿನಿಂದಲೂ ವ್ಯಾಖ್ಯೆ ಬರೆಯುವ, ಮಾಲಿನ್ಯದ 5 ಕಾರಣಗಳನ್ನು ಪಟ್ಟಿ ಮಾಡುವ ವಿಷಯವಾಗಿ ಬೆಳೆಯಿತು.

ಕಲೆಯ ದಾರಿ ಬೇರೆಯೇ. ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆಯಲ್ಲಿ ಮರದ ಕೆಳಗಿನ ತರಗತಿ, ಋತುವಿನ ಹಾಡು, ಗಿಡ ನೆಡುವ ಹಬ್ಬ ಎಲ್ಲವೂ ಒಂದೇ ಕಲಿಕೆಯ ಭಾಗಗಳಾಗಿದ್ದವು. 1928ರಲ್ಲಿ ಅಲ್ಲಿ ವೃಕ್ಷಾರೋಪಣ ಉತ್ಸವ ಶುರುವಾದಾಗ ಅದರಲ್ಲಿ ಹಾಡು, ನೃತ್ಯ, ಅಲಂಕಾರ ಮತ್ತು ಗಿಡ ನಾಲ್ಕೂ ಇದ್ದವು. ಅಲ್ಲಿನ ಕಲಾಶಾಲೆಯಾದ ಕಲಾಭವನದ ನಂದಲಾಲ್ ಬೋಸರು ಸುತ್ತಲಿನ ಗಿಡಮರ, ಪ್ರಾಣಿಪಕ್ಷಿಗಳನ್ನು ನೋಡಿ ಬರೆಯುವುದನ್ನು ಕಲಾಭ್ಯಾಸದ ತಳಹದಿಯಾಗಿಸಿದರು. 1937ರ ವಾರ್ಧಾ ಸಮ್ಮೇಳನದ ನಂತರ ರೂಪುಗೊಂಡ ಗಾಂಧೀಜಿಯವರ ನಯೀ ತಾಲೀಮಿನಲ್ಲಿ ಹತ್ತಿ ಬೆಳೆಯುವುದರಿಂದ ನೂಲುವವರೆಗಿನ ಕೈಕೆಲಸವೇ ಪಾಠವಾಗಿತ್ತು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಕಟ್ಟಿದ ಬಾಲವನ ಇದೇ ಚಿಂತನೆಯ ಕುಡಿ. ಯಕ್ಷಗಾನವನ್ನೂ ಪಶ್ಚಿಮಘಟ್ಟದ ಕಾಡನ್ನೂ ಒಂದೇ ತೀವ್ರತೆಯಿಂದ ನೋಡಿದ ಕಾರಂತರು, ಪರಿಸರದ ಪ್ರಶ್ನೆಯನ್ನಿಟ್ಟುಕೊಂಡು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೂ ನಿಂತವರು.

ಇಂಥ ಪರಂಪರೆಯಿದ್ದರೂ ಕಲೆಗೆ ಕೋರ್ಟಿನ ಆದೇಶದ ಬಲವಿರಲಿಲ್ಲ. 2005ರ ಪಠ್ಯಕ್ರಮ ಚೌಕಟ್ಟು 10ನೇ ತರಗತಿಯವರೆಗೆ ಕಲೆ ಕಡ್ಡಾಯವಾಗಿರಲಿ ಎಂದು ಹೇಳಿತಾದರೂ ಪರೀಕ್ಷೆಯಿಲ್ಲದ ಕಾರಣ ಅದು ವೇಳಾಪಟ್ಟಿಯ ಸಡಿಲ ಜಾಗವಾಗಿಯೇ ಉಳಿಯಿತು. ಗಣಿತದ ಪೋರ್ಷನ್ ಮುಗಿಯದಿದ್ದಾಗ ಮೊದಲು ಹೋಗುವುದು ಡ್ರಾಯಿಂಗ್ ಪೀರಿಯಡ್ಡೇ. ಪರಿಸರಕ್ಕೆ ಪ್ರಶ್ನೆಪತ್ರಿಕೆಯಿದೆ, ಆದರೆ ಅನುಭವವಿಲ್ಲ. ಕಲೆಯಲ್ಲಿ ಅನುಭವವಿದೆ, ಆದರೆ ಅದಕ್ಕೆ ಸಮಯವಿಲ್ಲ. ಎರಡನ್ನೂ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬೀತು ಎಂಬ ಲೆಕ್ಕಾಚಾರ ಈಗಿನ ನೀತಿಯ ಹಿಂದಿದೆ.

‘ಸಂಯೋಜನೆ’ ಎಂಬ ಒಂದು ಮಾತು, ಎರಡು ಕೆಲಸ

ಹೊಂಗೆ ಮರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ರಸ್ತೆಬದಿಯಿಂದ ಹಿಡಿದು ಬಯಲುಸೀಮೆಯ ಹೊಲದ ಬದುವಿನವರೆಗೆ, ಶಾಲೆಯ ಆವರಣದಲ್ಲೂ ಸಾಮಾನ್ಯವಾಗಿ ಕಾಣುವ ಮರವಿದು. ‘ಮರಗಳ ಮಹತ್ವ’ ಎಂಬ ಪಾಠಕ್ಕೆ ಕಲೆಯನ್ನು ಎರಡು ರೀತಿಯಲ್ಲಿ ಜೋಡಿಸಬಹುದು.

ಮೊದಲನೆಯದು ಪೋಸ್ಟರ್. ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಕಂದು ಬಣ್ಣದ ಕಾಂಡ, ಅದರ ಮೇಲೆ ಹಸಿರು ಮೋಡದಂತಹ ಗುಂಡು, ಬದಿಯಲ್ಲಿ ನಗುವ ಸೂರ್ಯ ಬಿಡಿಸಿ, ಕೆಳಗೆ ‘ಕಾಡು ಬೆಳೆಸಿ, ನಾಡು ಉಳಿಸಿ’ ಎಂದು ಬರೆಯುತ್ತಾರೆ. ಈ ಚಿತ್ರ ಬಿಡಿಸಲು ಮಗು ಯಾವ ಮರವನ್ನೂ ನೋಡಬೇಕಾಗಿಲ್ಲ. ಅದಕ್ಕೆ ಮೊದಲೇ ತಿಳಿದಿದ್ದ ಗುರುತುಗಳು ಕಾಗದದ ಮೇಲೆ ಇಳಿದಿವೆ, ಅಷ್ಟೆ. ಪರಿಸರದ ಬಗ್ಗೆ ಹೊಸದೇನೂ ತಿಳಿಯಲಿಲ್ಲ, ಕೈ ಮತ್ತು ಕಣ್ಣಿಗೆ ಹೊಸ ಅಭ್ಯಾಸವೂ ಆಗಲಿಲ್ಲ.

ಎರಡನೆಯದು ನೋಡಿ ಬರೆಯುವುದು. ಪ್ರತಿ ಮಗುವಿನ ಕೈಯಲ್ಲೂ ನೆಲಕ್ಕೆ ಬಿದ್ದ ಹೊಂಗೆಯ ಒಂದು ಎಲೆಯಿದೆ, ಕಣ್ಣಿಗೆ ಕಂಡಷ್ಟನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಬೇಕು ಎಂಬುದು ಷರತ್ತು. ಮೊದಲ ತೊಡಕು ‘ಒಂದು ಎಲೆ’ ಎಂದರೇನು ಎಂಬಲ್ಲೇ ಎದುರಾಗುತ್ತದೆ. ಹೊಂಗೆಯದು ಸಂಯುಕ್ತ ಪತ್ರ. ಒಂದು ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿಯಾಗಿ ಕಿರುಎಲೆಗಳಿದ್ದು, ತುದಿಯಲ್ಲಿ ಒಂಟಿಯಾಗಿ ಒಂದಿರುತ್ತದೆ. ಹಾಗಾಗಿ ಎಣಿಸಿದಾಗ 5, 7 ಹೀಗೆ ಬೆಸ ಸಂಖ್ಯೆ ಬರುತ್ತದೆ. 6 ಎಣಿಸಿದ ಮಗು ಮತ್ತೊಮ್ಮೆ ನೋಡಿದರೆ ಒಂದು ಉದುರಿಹೋದ ಗುರುತು ಕಡ್ಡಿಯ ಮೇಲೆ ಸಿಗುತ್ತದೆ. ಮುಂದಿನ ಅಚ್ಚರಿ ಎಲೆಯ ಮೇಲ್ಮೈಯಲ್ಲಿ ಸಣ್ಣ ಬೆರಳುಗಳಂತೆ ಎದ್ದು ನಿಂತ ಗಂಟುಗಳದ್ದು. ಪಠ್ಯಪುಸ್ತಕದ ಎಲೆಯ ಚಿತ್ರದಲ್ಲಿ ಇಂಥ ಗಂಟುಗಳು ಇರುವುದಿಲ್ಲ, ನಿಜವಾದ ಹೊಂಗೆ ಎಲೆಯಲ್ಲಿ ಪದೇ ಪದೇ ಸಿಗುತ್ತವೆ. ತೆಂಗಿನ ತೋಟದವರಿಗೆ ಪರಿಚಿತವಾದ ನುಸಿಯ ಬಳಗಕ್ಕೇ ಸೇರಿದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಎಲೆಯನ್ನು ಕೆರಳಿಸಿದಾಗ ಎಲೆಯೇ ಬೆಳೆಸಿಕೊಡುವ ಮನೆಗಳು ಅವು. ‘ಇದನ್ನೂ ಬರೆಯಬೇಕಾ ಮಿಸ್?’ ಎಂದು ಮಗು ಕೇಳಿದ ಕ್ಷಣದಲ್ಲಿ ಪರಿಸರದ ಪಾಠ ತಾನಾಗಿ ಆರಂಭವಾಗುತ್ತದೆ. ಒಂದು ಎಲೆ ಇನ್ನೊಂದು ಜೀವಕ್ಕೆ ಆಸರೆ ಎಂಬುದನ್ನು ಹೇಳಲು ಆಗ ಬೇರೆ ವಾಕ್ಯ ಬೇಕಾಗುವುದಿಲ್ಲ.

ಕಾರಣ ಮತ್ತು ಪರಿಣಾಮದ ಸಂಬಂಧ ಇಲ್ಲಿ ಸ್ಪಷ್ಟವಾಗಿದೆ. ಬರೆಯಬೇಕೆಂಬ ಒತ್ತಾಯ ಕಣ್ಣನ್ನು ವಸ್ತುವಿನ ಮೇಲೆ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಹಾಗೆ ನಿಂತ ಕಣ್ಣಿಗೆ ನಿರೀಕ್ಷಿಸದ ವಿವರ ಸಿಗುತ್ತದೆ, ಆ ವಿವರದಿಂದ ಪ್ರಶ್ನೆ ಹುಟ್ಟುತ್ತದೆ. ಇದೇ ಮರವನ್ನು ಯುಗಾದಿಯ ಹೊತ್ತಿಗೆ ತಿಳಿಹಸಿರಿನ ಚಿಗುರಿನಲ್ಲಿ, ಹೂ ಉದುರಿ ನೆಲವೆಲ್ಲ ಹರಡಿದಾಗ, ಕಾಯಿ ಒಣಗಿದಾಗ ಹೀಗೆ ವರ್ಷವಿಡೀ ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋದರೆ ಋತುಮಾನ ಎಂಬ ಪರಿಕಲ್ಪನೆ ಮಗುವಿನ ಸ್ವಂತ ದಾಖಲೆಯಾಗುತ್ತದೆ. ಪೋಸ್ಟರಿನಲ್ಲಿ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ಕಾಗದದ ಮೇಲಿನ ನೀತಿಯಲ್ಲಿ ಎರಡಕ್ಕೂ ‘ಕಲಾ ಸಂಯೋಜಿತ ಕಲಿಕೆ’ ಎಂಬ ಒಂದೇ ಹೆಸರಿರುವುದು ಇಂದಿನ ಗೊಂದಲದ ಮೂಲ.

ಮಣ್ಣೆತ್ತು ಬಿರಿದಾಗ

ಉತ್ತರ ಕರ್ನಾಟಕದ ಶಾಲೆಗಳಿಗೆ ಇಂಥ ಪಾಠಕ್ಕೆ ಹೇಳಿ ಮಾಡಿಸಿದ ಸಂದರ್ಭ ಪ್ರತಿವರ್ಷ ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಬರುತ್ತದೆ. ಕಾರ ಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಎರೆಹೊಲದ ಸೀಮೆಯಲ್ಲಿ ಕೈಗೆ ಸಿಗುವುದು ಕಪ್ಪು ಎರೆಮಣ್ಣು. ಅದನ್ನು ಕಲಸಿ ಎತ್ತು ಮಾಡಿ ಬಿಸಿಲಿಗಿಟ್ಟರೆ ಕೊಂಬು, ಹಿಣಿಲು ಬಿರುಕು ಬಿಡುತ್ತವೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವುದು ಇದಕ್ಕೆ ಕಾರಣ. ಬೇಸಿಗೆಯಲ್ಲಿ ಅದೇ ಹೊಲಗಳು ಬಾಯಿಬಿಟ್ಟುಕೊಳ್ಳುವುದಕ್ಕೂ ಕಾರಣ ಇದೇ. ಸ್ವಲ್ಪ ಮರಳೋ ನಾರೋ ಬೆರೆಸಿದರೆ ಬಿರುಕು ಕಡಿಮೆಯಾಗುತ್ತದೆ. ಕೆಮ್ಮಣ್ಣಿನಲ್ಲಿ ಮಾಡಿದ ಎತ್ತು ಅಷ್ಟು ಬಿರಿಯುವುದಿಲ್ಲ. ಮೂರು ಬಗೆಯ ಮಣ್ಣಿನ ಮೂರು ಎತ್ತುಗಳನ್ನು ತರಗತಿಯ ಕಿಟಕಿಯಲ್ಲಿಟ್ಟು ಒಂದು ವಾರ ಗಮನಿಸಿದರೆ, ‘ಮಣ್ಣಿನ ವಿಧಗಳು’ ಎಂಬ ಅಧ್ಯಾಯದ ಮುಕ್ಕಾಲು ಭಾಗ ಮುಗಿದಂತೆ. ಎತ್ತಿನ ಭುಜ ಎಲ್ಲಿ ಉಬ್ಬುತ್ತದೆ, ಕಾಲು ಎಷ್ಟು ದಪ್ಪವಿದ್ದರೆ ಮೈಭಾರ ತಡೆಯುತ್ತದೆ ಎಂಬ ಶಿಲ್ಪದ ಪಾಠವೂ ಅದರೊಳಗೇ ಇದೆ.

ದಕ್ಷಿಣದ ಜಿಲ್ಲೆಗಳಲ್ಲಿ ಶಾಲೆಗಳು ಗಣೇಶ ಚತುರ್ಥಿಗೆ ಮುನ್ನ ಮಣ್ಣಿನ ಮೂರ್ತಿಯ ಶಿಬಿರ ನಡೆಸುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳಿಗೆ ರಾಜ್ಯದಲ್ಲಿ ನಿಷೇಧವಿದೆ ಎಂಬ ಮಾಹಿತಿಯೊಂದಿಗೆ ಶಿಬಿರ ಮುಗಿದರೆ ಅದು ಅರ್ಧ ಪಾಠ. ಜಿಪ್ಸಂ ಕಲ್ಲನ್ನು ಕಾಯಿಸಿ ನೀರಿನಂಶ ತೆಗೆದಾಗ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಸಿಗುತ್ತದೆ, ನೀರು ಬೆರೆಸಿದರೆ ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸುಡದ ಜೇಡಿಮಣ್ಣಿನ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗುತ್ತವೆ. ಎರಡು ಬಕೆಟ್ ನೀರು, ಎರಡು ಉಂಡೆ ಇದ್ದರೆ ಈ ವ್ಯತ್ಯಾಸ ಕಣ್ಣಮುಂದೆಯೇ ಕಾಣುತ್ತದೆ. ಹಾಗಾದರೆ ಊರಿನ ಎಲ್ಲ ಮಣ್ಣಿನ ಮೂರ್ತಿಗಳನ್ನೂ ಒಂದೇ ಕೆರೆಯಲ್ಲಿ ಬಿಟ್ಟರೆ ಹೂಳು ತುಂಬುವುದಿಲ್ಲವೇ, ಮೂರ್ತಿಗೆ ಬೇಕಾದ ಜೇಡಿಮಣ್ಣನ್ನು ತಂದದ್ದು ಎಲ್ಲಿಂದ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ಗಣಪತಿ ಕೂರಿಸದ ಮನೆಯ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅದೇ ಮಣ್ಣಿನಲ್ಲಿ ಹಣತೆ, ಹಕ್ಕಿ, ಬಟ್ಟಲು ಮಾಡಿದರೂ ಮಣ್ಣು ಕಲಿಸುವ ಪಾಠ ಬದಲಾಗುವುದಿಲ್ಲ.

ಜಾನಪದ ಕಲೆಯನ್ನು ತರುವಾಗ

ಹೊಸ ಚೌಕಟ್ಟು ಸ್ಥಳೀಯ ಕಲೆಗಳಿಗೆ ಒತ್ತು ಕೊಡುತ್ತದೆ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಸಿದ್ಧಪಡಿಸುವ ಭೂಮಣ್ಣಿ ಬುಟ್ಟಿಯಲ್ಲಿ ಪರಿಸರ ಮತ್ತು ಕಲೆಯನ್ನು ಬೇರ್ಪಡಿಸಲು ಬರುವುದೇ ಇಲ್ಲ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚವೆಂದರೆ ಪುಂಡಿಯ ನಾರು. ಇದೇ ಸಮುದಾಯದ ಗೋಡೆಚಿತ್ರವಾದ ಹಸೆ ಚಿತ್ತಾರದಲ್ಲಿ ಕಪ್ಪು ಬಣ್ಣಕ್ಕೆ ಹುರಿದು ಕರಿಯಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಬತ್ತ ಹೊಡೆ ತುಂಬುವ ಆ ದಿನಗಳಲ್ಲಿ ಭೂಮಿಯನ್ನು ಬಸುರಿಯೆಂದು ಭಾವಿಸಿ, ಬಗೆಬಗೆಯ ಸೊಪ್ಪಿನ ಅಡುಗೆಯನ್ನು ಅದೇ ಬುಟ್ಟಿಯಲ್ಲಿ ಗದ್ದೆಗೆ ಹೊತ್ತೊಯ್ದು ಉಣಿಸುತ್ತಾರೆ. ಬುಟ್ಟಿಯ ಬಿದಿರು ಎಲ್ಲಿಯದು, ಗುರಿಗೆ ಗಿಡ ಈಗಲೂ ಸಿಗುತ್ತದೆಯೇ, ಪುಂಡಿ ಬೆಳೆಯುವವರು ಊರಲ್ಲಿ ಉಳಿದಿದ್ದಾರೆಯೇ ಎಂದು ಮಕ್ಕಳು ಹುಡುಕಿಕೊಂಡು ಹೋದರೆ ಒಂದು ಊರಿನ ಸಸ್ಯಸಂಪತ್ತಿನ ಲೆಕ್ಕವೇ ಸಿದ್ಧವಾಗುತ್ತದೆ. ಆ ಚಿತ್ತಾರದ ಎಳೆಗಳನ್ನಷ್ಟೇ ಎತ್ತಿಕೊಂಡು ಅಕ್ರಿಲಿಕ್ ಬಣ್ಣದಲ್ಲಿ ರಟ್ಟಿನ ಮೇಲೆ ಬರೆಸಿದರೆ ಉಳಿಯುವುದು ವಿನ್ಯಾಸ ಮಾತ್ರ. ಆ ಕಲೆಯನ್ನು ಉಳಿಸಿಕೊಂಡು ಬಂದ ಸಮುದಾಯದ ಹೆಸರೂ ಪಾಠದಿಂದ ಜಾರಿಹೋಗುತ್ತದೆ.

ಸಿಬಿಎಸ್‌ಇ ಶಾಲೆಗಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕಲಾ ಸಂಯೋಜಿತ ಯೋಜನೆಯನ್ನು, ರಾಜ್ಯಗಳನ್ನು ಪರಸ್ಪರ ಜೋಡಿಸುವ ‘ಏಕ್ ಭಾರತ್ ಶ್ರೇಷ್ಠ ಭಾರತ್’ ಕಾರ್ಯಕ್ರಮದ ಜೋಡಿ ರಾಜ್ಯದ ಕಲೆಯೊಂದಿಗೆ ಬೆಸೆಯಬೇಕೆಂಬ ಸೂಚನೆ 2020ರಲ್ಲಿ ಬಂತು. ಕರ್ನಾಟಕದ ಜೋಡಿ ಉತ್ತರಾಖಂಡ. ಇಲ್ಲಿನ ಮಕ್ಕಳು ಕುಮಾವೂಂ ಪ್ರದೇಶದ ಐಪಣ್ ಚಿತ್ರಗಳ ಪ್ರಿಂಟ್ ತೆಗೆಸಿ ಅಂಟಿಸುವುದನ್ನು ಕಂಡು ಪೋಷಕರು ಬೇಸರಪಟ್ಟುಕೊಳ್ಳುವುದು ಸಹಜ. ಆದರೆ ಐಪಣ್ ಕೂಡ ಗೇರು ಎಂಬ ಕೆಮ್ಮಣ್ಣಿನ ಹಿನ್ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಕಲೆ! ಹಿಮಾಲಯದ ತಪ್ಪಲು ಮತ್ತು ಸಾಗರದ ಮಲೆನಾಡು ಅಷ್ಟು ದೂರವಿದ್ದೂ ಒಂದೇ ಕೆಂಪು-ಬಿಳಿಯನ್ನು ಆರಿಸಿಕೊಂಡದ್ದೇಕೆ ಎಂದು ಕೇಳಿದ್ದರೆ ಮಣ್ಣಿನ ಕಬ್ಬಿಣದಂಶ, ಅಕ್ಕಿಯ ಬೇಸಾಯ, ಕೈಗೆ ಸಿಗುವುದರಲ್ಲೇ ಚೆಲುವು ಕಾಣುವ ಮನೆಗಳ ಬದುಕು ಎಲ್ಲವೂ ಚರ್ಚೆಗೆ ಬರುತ್ತಿದ್ದವು. ಸೂಚನೆಯೇನೂ ಕೆಟ್ಟದ್ದಲ್ಲ. ಅದನ್ನು ಪ್ರಶ್ನೆಯಾಗಿಸುವ ಬಿಡುವು ಶಾಲೆಗೆ ಇಲ್ಲದಿರುವುದು ತೊಂದರೆ.

ಆಕ್ಷೇಪಗಳು ಯಾರವು, ಅವುಗಳಲ್ಲಿ ಹುರುಳೆಷ್ಟು?

ಕಲಾ ಶಿಕ್ಷಕರ ಆತಂಕ ಎಲ್ಲಕ್ಕಿಂತ ಗಂಭೀರವಾದುದು. ಕಲೆಯು ಪ್ರತಿ ವಿಷಯದಲ್ಲೂ ಇದೆ ಎಂದಾದ ಮೇಲೆ ಕಲೆಗೇ ಶಿಕ್ಷಕರೇಕೆ ಬೇಕು ಎಂಬ ವಾದ ಸುಲಭವಾಗಿ ಹುಟ್ಟುತ್ತದೆ. ರೇಖೆ, ಬಣ್ಣ, ರಾಗ, ತಾಳ, ಅಭಿನಯಗಳಿಗೆ ಅವುಗಳದ್ದೇ ಅಭ್ಯಾಸಕ್ರಮವಿದೆ. ಅವನ್ನು ಸದಾ ಇನ್ನೊಂದು ವಿಷಯದ ಸೇವೆಗೆ ನಿಲ್ಲಿಸಿದರೆ ಮಗು ಎಂದೂ ಕಲೆಗಾಗಿ ಕಲೆಯನ್ನು ಕಲಿಯುವುದಿಲ್ಲ. 2023ರ ಚೌಕಟ್ಟು ದೃಶ್ಯಕಲೆ, ರಂಗಕಲೆ, ಸಂಗೀತ, ನೃತ್ಯ ನಾಲ್ಕೂ ಸೇರಿದ ಕಲಾ ಶಿಕ್ಷಣವನ್ನು ಪ್ರತ್ಯೇಕ ಕಲಿಕಾ ಕ್ಷೇತ್ರವಾಗಿಯೇ ಇಟ್ಟಿದೆ. ವಾರಕ್ಕೆ ಕನಿಷ್ಠ 2 ಕಲಾ ಪೀರಿಯಡ್ ಇರಬೇಕೆಂದು ಸಿಬಿಎಸ್‌ಇ 2019ರಲ್ಲೇ ಹೇಳಿದೆ. ಹಾಗಾಗಿ ಸಂಯೋಜನೆಯ ನೆಪದಲ್ಲಿ ಕಲೆಯ ಪೀರಿಯಡ್ ತೆಗೆಯುವ ಶಾಲೆ ನೀತಿಯನ್ನು ಪಾಲಿಸುತ್ತಿಲ್ಲ, ಅದಕ್ಕೆ ವಿರುದ್ಧವಾಗಿ ನಡೆಯುತ್ತಿದೆ ಎಂದೇ ಹೇಳಬೇಕು.

ವಿಜ್ಞಾನ ಬೋಧಿಸುವವರ ಆಕ್ಷೇಪ ಬೇರೆ ದಿಕ್ಕಿನದು. ಚಿತ್ರ, ಹಾಡುಗಳ ಮೂಲಕ ಬಂದ ಪರಿಸರ ಬರೀ ಭಾವನೆಯಾಗಿ ಉಳಿಯುತ್ತದೆ, ಮಾಲಿನ್ಯಕ್ಕೆ ಯಾರು ಹೊಣೆ ಎಂಬ ಕಠಿಣ ಪ್ರಶ್ನೆ ಬಣ್ಣದಡಿಯಲ್ಲಿ ಮುಚ್ಚಿಹೋಗುತ್ತದೆ ಎನ್ನುತ್ತಾರೆ ಅವರು. ಪೋಸ್ಟರ್ ಮಾದರಿಯ ಮಟ್ಟಿಗೆ ಈ ಮಾತು ಪೂರ್ತಿ ನಿಜ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡಿತು, 2017ರಲ್ಲಿ ಕೆರೆಯಿಂದ ಮತ್ತೆ ಹೊಗೆ ಎದ್ದಿತು. ಸಂಸ್ಕರಣೆಯಾಗದ ಕೊಳಚೆನೀರು ಮತ್ತು ಅದರೊಂದಿಗೆ ಬರುವ ಡಿಟರ್ಜೆಂಟ್ ಆ ನೊರೆಯ ಹಿಂದಿವೆ. ‘ಕೆರೆ ಉಳಿಸಿ’ ಎಂಬ ಚಿತ್ರ ಇದನ್ನು ಹೇಳಲಾರದು. ಆದರೆ ರಂಗಕಲೆಗೆ ಆ ಶಕ್ತಿಯಿದೆ. ಕೆರೆಯಂಚಿನ ಅಪಾರ್ಟ್‌ಮೆಂಟಿನ ನಿವಾಸಿ, ಒಳಚರಂಡಿ ಎಂಜಿನಿಯರ್, ಕೆಳಹರಿವಿನಲ್ಲಿ ಸೊಪ್ಪು ಬೆಳೆಯುವ ರೈತ, ಮೀನು ಹಿಡಿಯುತ್ತಿದ್ದ ಕುಟುಂಬ ಇಷ್ಟೂ ಪಾತ್ರಗಳನ್ನು 8ನೇ ತರಗತಿಯ ಮಕ್ಕಳು ವಹಿಸಿಕೊಂಡು ವಾದ ಕಟ್ಟಬೇಕಾದರೆ ಪ್ರತಿಯೊಬ್ಬರೂ ತಮ್ಮ ಪಾತ್ರದ ಮಾಹಿತಿ ಕಲೆಹಾಕಲೇಬೇಕು. ಎದುರಿನವರ ಕಷ್ಟ ತನ್ನ ಅನುಕೂಲದಿಂದ ಹುಟ್ಟಿದ್ದು ಎಂಬುದು ಅಭಿನಯದ ನಡುವೆ ಹೊಳೆಯುತ್ತದೆ. ಕಲೆ ಎಂದರೆ ಚಿತ್ರಕಲೆ ಮಾತ್ರ ಎಂದುಕೊಂಡದ್ದರಿಂದಲೇ ಈ ಸಾಧ್ಯತೆ ಬಹುತೇಕ ಶಾಲೆಗಳ ಕೈತಪ್ಪಿದೆ.

ಪೋಷಕರ ದೂರು ಖರ್ಚು ಮತ್ತು ಸಮಯದ್ದು. ರಾತ್ರಿ 9 ಗಂಟೆಗೆ ಸ್ಟೇಷನರಿ ಅಂಗಡಿಯಲ್ಲಿ ನಿಂತು ಥರ್ಮಕೋಲ್ ಶೀಟ್, ಮಿಂಚಿನ ಪುಡಿ, ಸಿದ್ಧ ಮರಗಿಡಗಳ ಸ್ಟಿಕ್ಕರ್ ಕೊಳ್ಳುವ ಪರಿಸ್ಥಿತಿ ನಗರಗಳಲ್ಲಿ ಸಾಮಾನ್ಯವಾಗಿದೆ. ಅಲಂಕಾರಕ್ಕೆ ಬಳಸುವ ಥರ್ಮಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿದೆ. ಮಳೆನೀರು ಕೊಯ್ಲಿನ ಮಾದರಿಯನ್ನು ಅದರಲ್ಲೇ ಮಾಡಿಸುವುದು ಪಾಠದ ಉದ್ದೇಶವನ್ನೇ ಅಳಿಸಿಹಾಕುತ್ತದೆ.

ಶಿಕ್ಷಕರು, ಅಂಕ ಮತ್ತು ಅದರ ಪರಿಣಾಮ

ಇಷ್ಟೆಲ್ಲ ತಿಳಿದೂ ಶಾಲೆಗಳು ಪೋಸ್ಟರಿನತ್ತಲೇ ವಾಲುವುದಕ್ಕೆ ಶಿಕ್ಷಕರ ನಿರಾಸಕ್ತಿ ಕಾರಣವೆಂದರೆ ಅನ್ಯಾಯವಾದೀತು. ವ್ಯವಸ್ಥೆಯೇ ಅವರನ್ನು ಅತ್ತ ದೂಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡುವುದು 6ರಿಂದ 8ನೇ ತರಗತಿಗೆ, ಅದೂ ದಾಖಲಾತಿ 100 ದಾಟಿದ ಶಾಲೆಗೆ ಮಾತ್ರ. 1ರಿಂದ 5ನೇ ತರಗತಿಗೆ ಕಲಾ ಬೋಧಕರ ಮಾತೇ ಅದರಲ್ಲಿಲ್ಲ. ನಮ್ಮ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಗಣನೀಯ ಭಾಗ 100 ಮಕ್ಕಳನ್ನು ಮುಟ್ಟುವುದಿಲ್ಲ. ಕರ್ನಾಟಕದಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಗಳಿರುವುದು ಮುಖ್ಯವಾಗಿ ಪ್ರೌಢಶಾಲೆಗಳಲ್ಲಿ. ಪರಿಸರ ಅಧ್ಯಯನ ಇರುವ ತರಗತಿಗಳಲ್ಲಿ ಕಲಾ ಶಿಕ್ಷಕರಿಲ್ಲ, ಕಲಾ ಶಿಕ್ಷಕರಿರುವ ತರಗತಿಗಳಲ್ಲಿ ಪರಿಸರವು ವಿಜ್ಞಾನ ಮತ್ತು ಸಮಾಜ ವಿಜ್ಞಾನವಾಗಿ ಒಡೆದಿರುತ್ತದೆ. ಇಬ್ಬರೂ ಒಂದೇ ತರಗತಿಯಲ್ಲಿ ಭೇಟಿಯಾಗುವ ಏರ್ಪಾಡೇ ಇಲ್ಲ.

ಎರಡನೆಯ ಕಾರಣ ಮೌಲ್ಯಮಾಪನ. ಸಿಬಿಎಸ್‌ಇಯಲ್ಲಾಗಲಿ, ಬಹುತೇಕ ವಿಷಯಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಎಂದಿರುವ ಎಸ್‌ಎಸ್‌ಎಲ್‌ಸಿಯಲ್ಲಾಗಲಿ, ಯೋಜನೆಗಳು ಸೇರುವುದು ಆಂತರಿಕ ಅಂಕಗಳಲ್ಲಿ. 40–50 ಮಕ್ಕಳಿರುವ ತರಗತಿಯಲ್ಲಿ ಪ್ರತಿಯೊಬ್ಬರ ಗಮನಿಸುವ ಶಕ್ತಿ ಹೇಗೆ ಬೆಳೆಯಿತು ಎಂದು ದಾಖಲಿಸಲು ಶಿಕ್ಷಕರಿಗೆ ಪುರುಸೊತ್ತಿಲ್ಲ. ಮುಗಿದ ವಸ್ತುವನ್ನು ಮೇಜಿನ ಮೇಲಿಟ್ಟುಕೊಂಡು ಅಂಕ ಹಾಕುವುದು ಸುಲಭ. ಅಂಕ ವಸ್ತುವಿಗೆ ಬಂದಾಗ ಅಂದಕ್ಕೆ ಬೆಲೆ ಏರುತ್ತದೆ. ಅಂದಕ್ಕೆ ಬೆಲೆ ಬಂದಾಗ ಅಪ್ಪ, ಅಮ್ಮ, ಅಕ್ಕ, ಕೊನೆಗೆ ಅಂಗಡಿಯವರು ಅದನ್ನು ಮಾಡಿಕೊಡುತ್ತಾರೆ. ಮಗುವಿನ ಅಡ್ಡಾದಿಡ್ಡಿ ಗೆರೆಯ, ಆದರೆ ನುಸಿಯ ಗಂಟನ್ನು ಬಿಡದೆ ಬರೆದ ಹೊಂಗೆ ಎಲೆಯ ಚಿತ್ರ ಅವುಗಳ ಪಕ್ಕದಲ್ಲಿ ಸೋಲುತ್ತದೆ. ಮುಂದಿನ ಸಲ ಆ ಮಗುವೂ ಎಲೆಯನ್ನು ನೋಡುವ ಗೋಜಿಗೆ ಹೋಗುವುದಿಲ್ಲ.

ಕರ್ನಾಟಕದ ಅನುಭವದಲ್ಲಿ ಇದಕ್ಕೆ ಭಿನ್ನವಾದ ಉದಾಹರಣೆಯೂ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಹಾಡು, ಆಟ, ಚಿತ್ರ, ಕಾರ್ಡುಗಳ ಮೂಲಕ ಕನ್ನಡ, ಗಣಿತ, ಪರಿಸರ ಅಧ್ಯಯನವನ್ನು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮ ರೂಪುಗೊಂಡಿತು. ನಂತರ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅಲ್ಲಿ ಮಗು ಮುಂದಿನ ಮೈಲಿಗಲ್ಲಿಗೆ ಹೋಗುವುದು ಕಲಿತಾಗ, ವಸ್ತು ಚೆನ್ನಾಗಿ ಕಂಡಾಗಲ್ಲ. ಆದರೆ 4ನೇ ತರಗತಿಗೆ ಬಂದ ಕೂಡಲೇ ಅದೇ ಮಗು ಬೆಂಚಿನ ಸಾಲಿಗೂ ಪ್ರಶ್ನೋತ್ತರದ ನೋಟ್ಸಿಗೂ ಬಂದು ನಿಲ್ಲುತ್ತದೆ. ಹಾಡಿನೊಂದಿಗೆ ಶುರುವಾದ ಪರಿಸರ ಪಾಠದ ಎಳೆ ಅಲ್ಲಿಗೆ ಕಡಿಯುತ್ತದೆ.

ಮುಂದೇನಾಗಬಹುದು?

ಈಗಿನ ದಾರಿಯಲ್ಲೇ ಸಾಗಿದರೆ ಮೊದಲ ಪರಿಣಾಮ ಕಾಣುವುದು ಕಲಾ ಶಿಕ್ಷಕರ ನೇಮಕಾತಿಯಲ್ಲಿ. ಎಲ್ಲ ಶಿಕ್ಷಕರೂ ಕಲೆ ಕಲಿಸುತ್ತಾರೆ ಎಂಬ ದಾಖಲೆ ಕೈಯಲ್ಲಿದ್ದಾಗ ಖಾಲಿ ಹುದ್ದೆ ತುಂಬುವ ಒತ್ತಡ ಕಡಿಮೆಯಾಗುತ್ತದೆ. ಎರಡನೆಯದಾಗಿ, ಕಲಾ ಕೋಣೆ, ರಂಗ ಶಿಕ್ಷಕರು, ತೋಟ ಎಲ್ಲವೂ ಇರುವ ಶಾಲೆಗೂ ಏಕೋಪಾಧ್ಯಾಯ ಶಾಲೆಗೂ ಅಂತರ ಹೆಚ್ಚುತ್ತದೆ. ಏಕೆಂದರೆ ನೀತಿ ಎರಡಕ್ಕೂ ಒಂದೇ, ಸೌಲಭ್ಯ ಬೇರೆ ಬೇರೆ. ಆದರೂ ಈ ವಿಷಯದಲ್ಲಿ ಬಡ ಶಾಲೆಗೊಂದು ಅನುಕೂಲವಿದೆ. ಹೊಂಗೆ ಎಲೆ, ಎರೆಮಣ್ಣು, ಕೆಮ್ಮಣ್ಣು, ಅಕ್ಕಿಹಿಟ್ಟಿಗೆ ಹಣ ಬೇಕಿಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನಕ್ಕೆ ಸುಣ್ಣ ಬೆರೆತಾಗ ಕೆಂಪಾಗುವ ಓಕುಳಿಯೇ ಆಮ್ಲ-ಪ್ರತ್ಯಾಮ್ಲದ ಪಾಠಕ್ಕೂ ಬಣ್ಣದ ಪಾಠಕ್ಕೂ ಸಾಕು.

ಪ್ರಾಥಮಿಕ ಹಂತದಲ್ಲಿ ಒಬ್ಬರೇ ಶಿಕ್ಷಕರು ಇಡೀ ತರಗತಿಯನ್ನು ನೋಡಿಕೊಳ್ಳುವುದರಿಂದ ಎರಡನ್ನೂ ಪೂರ್ತಿಯಾಗಿ ಬೆರೆಸುವುದೇ ಸರಿ. ಅದಕ್ಕೆ ಬೇಕಾದದ್ದು ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ. ಹಂತದಲ್ಲೇ ನೋಡಿ ಬರೆಯುವ ಅಭ್ಯಾಸ ಮತ್ತು ವರ್ಷವಿಡೀ ಮಗುವಿನ ಬಳಿ ಉಳಿಯುವ ಒಂದು ಬಿಳಿಹಾಳೆಯ ಪುಸ್ತಕ. 6ನೇ ತರಗತಿಯಿಂದ ಮೇಲೆ ಕಲೆಯ ಪೀರಿಯಡ್ ಸ್ವತಂತ್ರವಾಗಿಯೇ ಉಳಿಯಬೇಕು. ಪ್ರತಿ ವಿಷಯಕ್ಕೂ ಒಂದೊಂದು ಯೋಜನೆಯ ಬದಲು, ವಿಜ್ಞಾನ ಮತ್ತು ಕಲಾ ಶಿಕ್ಷಕರು ಜೊತೆಗೂಡಿ ವರ್ಷಕ್ಕೆ ಒಂದೆರಡು ಕೆಲಸಗಳನ್ನು ಆಳವಾಗಿ ಮಾಡಿಸಿದರೆ ಸಾಕು. 6ರಿಂದ 8ನೇ ತರಗತಿಗೆ 2020ರ ನೀತಿ ಹೇಳಿರುವ 10 ಬ್ಯಾಗ್‌ರಹಿತ ದಿನಗಳನ್ನು ಕುಂಬಾರರ, ಬುಟ್ಟಿ ಹೆಣೆಯುವವರ ಜೊತೆ ಕಳೆಯಲು ಬಳಸಿಕೊಂಡರೆ ಅದಕ್ಕೆ ಹೊಸ ಆದೇಶವೂ ಬೇಕಾಗುವುದಿಲ್ಲ.

ರಾಜ್ಯದ ಮಟ್ಟದಲ್ಲಿ ಈ ತೀರ್ಮಾನಗಳು ಆಗಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಪೋಷಕರಿಗೂ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೂ ಶಾಲೆಯ ಗೋಡೆಯ ಮೇಲಿರುವ ವೇಳಾಪಟ್ಟಿಯೇ ಸಾಕಷ್ಟು ಹೇಳುತ್ತದೆ. ಅದರಲ್ಲಿ ಕಲೆಗೆ ವಾರಕ್ಕೆಷ್ಟು ಪೀರಿಯಡ್ ಇದೆ, ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ತಿಂಗಳಲ್ಲಿ ಅವುಗಳಲ್ಲಿ ಎಷ್ಟು ನಿಜವಾಗಿ ನಡೆದವು, ಪರಿಸರದ ಯೋಜನೆಗೆ ಮಕ್ಕಳು ಶಾಲೆಯ ಅಂಗಳಕ್ಕೆ ಹೋದರೋ ಅಂಗಡಿಗೆ ಹೋದರೋ ಎಂಬ ಮೂರು ಪ್ರಶ್ನೆಗಳನ್ನು ಜೂನ್ ತಿಂಗಳ ಸಭೆಯಲ್ಲೇ ಕೇಳಬಹುದು.